ಕೃತಕ ಮಿದುಳಿಗೆ ಪೆಟ್ಟು ಕೊಟ್ಟು ಮನುಷ್ಯನ ಮರೆವನ್ನು ಅರಿಯುವ ಯತ್ನ

ಬೆಂಗಳೂರು: 2024ರ ಅಕ್ಟೋಬರ್‌ನಲ್ಲಿ ಭೌತವಿಜ್ಞಾನದ ನೊಬೆಲ್ ಪಾರಿತೋಷಕ ಜಾನ್ ಹಾಪ್‌ಫೀಲ್ಡ್ ಮತ್ತು ಜೆಫ್ರಿ ಹಿಂಟನ್ ಅವರಿಗೆ ಸಂದಾಗ ಎಲ್ಲೆಡೆ ಚರ್ಚೆಯಾದದ್ದು ಎರಡೇ ಸಂಗತಿ. ಯಂತ್ರಗಳು ನಮ್ಮ ಉದ್ಯೋಗ ಕಸಿಯುತ್ತವೆಯೇ? ಕೃತಕ ಬುದ್ಧಿಮತ್ತೆ ಮನುಕುಲಕ್ಕೆ ಅಪಾಯವೇ? ಈ ಗದ್ದಲದಲ್ಲಿ ಅದೇ ಹಿಂಟನ್ ಅವರ ಮತ್ತೊಂದು ಕೆಲಸ ಬಹುಮಟ್ಟಿಗೆ ಮರೆತೇ ಹೋಯಿತು. 1991ರಲ್ಲಿ ಅವರು ಲಂಡನ್ನಿನ ನರಮನಶ್ಶಾಸ್ತ್ರಜ್ಞ ಟಿಮ್ ಶಾಲಿಸ್ ಅವರೊಡನೆ ಒಂದು ಪ್ರಬಂಧ ಪ್ರಕಟಿಸಿದ್ದರು. ಅದರಲ್ಲಿ ಅವರು ಯಂತ್ರವನ್ನು ಜಾಣನನ್ನಾಗಿಸಲು ಹೊರಟಿರಲಿಲ್ಲ. ಓದು ಕಲಿತ ಯಂತ್ರವನ್ನು ಬೇಕೆಂದೇ ಕೆಡಿಸಿ, ಅದು ಹೇಗೆ ತಪ್ಪುತ್ತದೆ ಎಂದು ನೋಡಿದ್ದರು.

ಕೆಡಿಸುವುದರಲ್ಲಿ ಏನು ವಿಜ್ಞಾನ ಎಂಬ ಪ್ರಶ್ನೆ ಸಹಜ. ಆದರೆ ಪಾರ್ಶ್ವವಾಯು, ಅಪಘಾತ, ಸೋಂಕು ಅಥವಾ ಮುಪ್ಪಿನ ಕಾಯಿಲೆಯಿಂದ ಮಿದುಳಿಗೆ ಹಾನಿಯಾದವರ ಮನೆಯವರನ್ನು ಕೇಳಿದರೆ ಈ ಪ್ರಶ್ನೆಯ ತೂಕ ತಿಳಿಯುತ್ತದೆ. ನಿನ್ನೆಯವರೆಗೆ ಚೆನ್ನಾಗಿ ಮಾತನಾಡುತ್ತಿದ್ದ ಹಿರಿಯರು ಇಂದು ಚಮಚವನ್ನು ಲೋಟ ಎನ್ನುತ್ತಾರೆ, ಮಗಳನ್ನು ತಂಗಿಯ ಹೆಸರಿನಿಂದ ಕರೆಯುತ್ತಾರೆ. ಅವರಿಗೆ ಏನು ತಿಳಿದಿದೆ, ಏನು ಅಳಿದುಹೋಗಿದೆ, ಯಾವುದು ಮರಳಿ ಬಂದೀತು? ವೈದ್ಯರ ಸ್ಕ್ಯಾನ್ ಚಿತ್ರ ಹಾನಿ ಎಲ್ಲಿ ಆಗಿದೆ ಎಂದು ತೋರಿಸುತ್ತದೆ. ಆ ಹಾನಿಯಿಂದ ಇಂಥದೇ ತಪ್ಪು ಏಕೆ ಹುಟ್ಟಿತು ಎಂಬುದನ್ನು ಹೇಳಲಾರದು. ಈ ನಡುವಣ ಕಂದಕಕ್ಕೆ ಸೇತುವೆ ಕಟ್ಟುವ ಪ್ರಯತ್ನವೇ ನರಜಾಲ ಮಾದರಿಗಳ ಈ ಶಾಖೆ.

ಯೋಧನ ವಿಚಿತ್ರ ಓದು

ಇದರ ಮೂಲ ಎರಡನೇ ಮಹಾಯುದ್ಧದಲ್ಲಿದೆ. 1944ರಲ್ಲಿ ತಲೆಗೆ ಗುಂಡೇಟು ಬಿದ್ದ ಯುವ ಯೋಧನೊಬ್ಬ ಬದುಕಿ ಉಳಿದ. ಆದರೆ ಅವನ ಓದು ವಿಚಿತ್ರವಾಯಿತು. ಹಳೆಯ ಕಲಾವಸ್ತು ಎಂಬರ್ಥದ ‘ಆಂಟೀಕ್’ ಪದವನ್ನು ತೋರಿಸಿದರೆ ಅವನು ‘ವೇಸ್’, ಅಂದರೆ ಹೂದಾನಿ ಎಂದು ಓದುತ್ತಿದ್ದ. ‘ಅಂಕಲ್’ ಎಂಬುದು ಅವನ ಬಾಯಲ್ಲಿ ‘ನೆಫ್ಯೂ’ ಆಗುತ್ತಿತ್ತು. ಗಮನಿಸಿ: ಅಕ್ಷರಗಳಲ್ಲಿ ಒಂದಕ್ಕೊಂದು ಹೋಲಿಕೆಯೇ ಇಲ್ಲ, ಆದರೆ ಅರ್ಥ ಹತ್ತಿರದ್ದು. ಬ್ರಿಟನ್ನಿನ ಜಾನ್ ಮಾರ್ಷಲ್ ಮತ್ತು ಫ್ರೆಡಾ ನ್ಯೂಕೋಂಬ್ 1966ರಲ್ಲಿ ಇಂಥ ಓದನ್ನು ಕೂಲಂಕಷವಾಗಿ ದಾಖಲಿಸಿದರು. ಇದಕ್ಕೆ ಮುಂದೆ ‘ಡೀಪ್ ಡಿಸ್‌ಲೆಕ್ಸಿಯಾ’ ಎಂಬ ಹೆಸರು ಬಂತು.

ಒಗಟು ಇಷ್ಟಕ್ಕೇ ಮುಗಿಯಲಿಲ್ಲ. ಅರ್ಥದಲ್ಲಿ ತಪ್ಪುವ ರೋಗಿಗಳೇ ರೂಪದಲ್ಲೂ ತಪ್ಪುತ್ತಿದ್ದರು. ಒಂದೇ ಬಗೆಯಾಗಿ ಕಾಣುವ ಪದಗಳು ಅದಲುಬದಲಾಗುತ್ತಿದ್ದವು. ಕೆಲವೊಮ್ಮೆ ಎರಡೂ ತಪ್ಪುಗಳು ಕೂಡಿಕೊಳ್ಳುತ್ತಿದ್ದವು. ಅನುಕಂಪ ಎಂಬರ್ಥದ ‘ಸಿಂಪಥಿ’ ಪದವನ್ನು ‘ಆರ್ಕೆಸ್ಟ್ರಾ’ ಎಂದು ಓದಿದ ಪ್ರಸಂಗ ಪ್ರಸಿದ್ಧ. ನಡುವೆ ‘ಸಿಂಫನಿ’ ಹಾದುಹೋಗಿದೆ ಎಂದು ಊಹಿಸಿದರೆ ಮಾತ್ರ ಇದು ಅರ್ಥವಾಗುತ್ತದೆ. ಕನ್ನಡದಲ್ಲಿ ಇದಕ್ಕೆ ಸಮಾನವಾದ ಕಾಲ್ಪನಿಕ ಉದಾಹರಣೆ ಹೇಳುವುದಾದರೆ, ‘ಪಾಲು’ ಎಂಬ ಪದ ‘ಹಾಲು’ ಆಗಿ ಕಂಡು, ಬಾಯಿಂದ ‘ಮೊಸರು’ ಎಂದು ಹೊರಟಂತೆ.

ಅಂದಿನ ಮನಶ್ಶಾಸ್ತ್ರ ಓದುವ ಕ್ರಿಯೆಯನ್ನು ಪೆಟ್ಟಿಗೆ ಮತ್ತು ಬಾಣಗಳ ಚಿತ್ರವಾಗಿ ಬರೆಯುತ್ತಿತ್ತು. ಅಕ್ಷರ ಗುರುತಿಸಲು ಒಂದು ಪೆಟ್ಟಿಗೆ, ಅರ್ಥಕ್ಕೆ ಇನ್ನೊಂದು, ಉಚ್ಚಾರಕ್ಕೆ ಮತ್ತೊಂದು. ಎರಡು ಬಗೆಯ ತಪ್ಪು ಕಂಡರೆ ಎರಡು ಪೆಟ್ಟಿಗೆ ಒಡೆದಿರಬೇಕು ಎಂಬುದು ಅದರ ತರ್ಕ. ಆದರೆ ಇಷ್ಟೊಂದು ರೋಗಿಗಳಲ್ಲಿ ಅವೇ ಎರಡು ಪೆಟ್ಟಿಗೆಗಳು ಜೊತೆಜೊತೆಯಾಗಿ ಏಕೆ ಒಡೆಯಬೇಕು? ಇದಕ್ಕೆ ಆ ಚಿತ್ರದಲ್ಲಿ ಸಮಾಧಾನಕರ ಉತ್ತರ ಇರಲಿಲ್ಲ.

ನಲವತ್ತು ಪದಗಳ ಜಾಲ

ಹಿಂಟನ್ ಮತ್ತು ಶಾಲಿಸ್ ಕಟ್ಟಿದ ಜಾಲ ಇಂದಿನ ಮಾನದಂಡದಲ್ಲಿ ಆಟಿಕೆಯಷ್ಟೇ ಸಣ್ಣದು. ಅಕ್ಷರಗಳನ್ನು ಪ್ರತಿನಿಧಿಸುವ 28 ಘಟಕಗಳು, ನಡುವೆ 40 ಘಟಕಗಳು, ಅರ್ಥದ ಲಕ್ಷಣಗಳಿಗೆ 68 ಘಟಕಗಳು, ಅರ್ಥವನ್ನು ತಿದ್ದಿ ಸ್ಪಷ್ಟಗೊಳಿಸಲು ಇನ್ನೂ 60. ಕಲಿಯಬೇಕಾದ ಪದಗಳು ಕೇವಲ 40. ಪ್ರಾಣಿಗಳು, ದೇಹದ ಅಂಗಗಳು, ಆಹಾರ, ಮನೆಯೊಳಗಿನ ವಸ್ತುಗಳು, ಹೊರಗಿನ ವಸ್ತುಗಳು ಎಂದು ಅವುಗಳಲ್ಲಿ ಐದು ಗುಂಪು.

ಇಂಥ ಜಾಲದಲ್ಲಿ ‘ಬೆಕ್ಕು’ ಎಂಬ ಪದ ಯಾವುದೋ ಒಂದು ಖಾನೆಯಲ್ಲಿ ಕುಳಿತಿರುವುದಿಲ್ಲ. ಅದು ಹಲವು ಘಟಕಗಳ ಒಟ್ಟು ಚಟುವಟಿಕೆಯ ವಿನ್ಯಾಸ. ಅಕ್ಷರಗಳು ಕಣ್ಣಿಗೆ ಬಿದ್ದೊಡನೆ ಜಾಲ ಅಂದಾಜಿನ ಒಂದು ಅರ್ಥದ ಬಳಿ ಬರುತ್ತದೆ. ಅಲ್ಲಿಂದ ಜಾರುತ್ತಾ ಸರಿಯಾದ ಅರ್ಥದ ತಳಕ್ಕೆ ಸೇರಿಕೊಳ್ಳುತ್ತದೆ. ಪಶ್ಚಿಮಘಟ್ಟದ ಏಣಿನ ಮೇಲೆ ಬೀಳುವ ಮಳೆಯನ್ನು ನೆನೆಯಬಹುದು. ಒಂದು ಮಗ್ಗುಲಿಗೆ ಬಿದ್ದ ಹನಿ ಅರಬ್ಬಿ ಸಮುದ್ರಕ್ಕೆ ಹರಿಯುತ್ತದೆ, ಕೆಲವೇ ಅಡಿ ಆಚೆ ಬಿದ್ದದ್ದು ಬಂಗಾಳ ಕೊಲ್ಲಿಗೆ. ಪ್ರತಿ ಪದಕ್ಕೂ ಇಂಥದೊಂದು ಜಲಾನಯನ ಪ್ರದೇಶವಿದೆ ಎಂದುಕೊಳ್ಳಿ. ನೆನಪನ್ನು ಹೀಗೆ ತಗ್ಗುಗಳಾಗಿ ಕಾಣುವ ಕಲ್ಪನೆಯನ್ನು 1982ರಲ್ಲಿ ಗಣಿತದ ರೂಪದಲ್ಲಿ ಮುಂದಿಟ್ಟವರು ಹಾಪ್‌ಫೀಲ್ಡ್ ಎಂಬುದು ಇಲ್ಲಿ ಉಲ್ಲೇಖನೀಯ.

ಜಾಲ ನಲವತ್ತೂ ಪದಗಳನ್ನು ಕಲಿತ ಮೇಲೆ ಸಂಶೋಧಕರು ಅದಕ್ಕೆ ಪೆಟ್ಟು ಕೊಟ್ಟರು. ಕೆಲವು ಸಂಪರ್ಕಗಳನ್ನು ಕತ್ತರಿಸಿದರು, ಕೆಲವು ಘಟಕಗಳನ್ನು ತೆಗೆದರು, ಕೆಲವೆಡೆ ಗೊಂದಲದ ಸಂಕೇತ ಬೆರೆಸಿದರು. ಫಲಿತಾಂಶ ಅಚ್ಚರಿಯದು. ಪೆಟ್ಟು ಎಲ್ಲಿ ಬಿದ್ದರೂ ಎರಡೂ ಬಗೆಯ ತಪ್ಪುಗಳು ಬೆರೆತೇ ಬಂದವು. ಅಕ್ಷರಗಳ ಕಡೆ ಕೆಡಿಸಿದರೂ ಅರ್ಥದ ತಪ್ಪು, ಅರ್ಥದ ಕಡೆ ಕೆಡಿಸಿದರೂ ರೂಪದ ತಪ್ಪು. ಹಾನಿಯಾದಾಗ ಜಲಾನಯನದ ಏಣುಗಳು ಸರಿದು, ಹನಿ ನೆರೆಯ ನದಿಗೆ ಇಳಿಯುತ್ತದೆ. ನೆರೆಯದು ಅರ್ಥದಲ್ಲೂ ನೆರೆಯದಾಗಿರಬಹುದು, ರೂಪದಲ್ಲೂ ಆಗಿರಬಹುದು. ಎರಡು ಪೆಟ್ಟಿಗೆ ಒಡೆಯಬೇಕಾದ ಅಗತ್ಯವೇ ಇಲ್ಲ ಎಂದಾಯಿತು. ಇನ್ನೂ ಒಂದು ವಿಷಯ: ಪದವನ್ನು ಗುರುತಿಸಲಾರದ ಸ್ಥಿತಿಯಲ್ಲೂ ಜಾಲ ಅದು ಯಾವ ಗುಂಪಿಗೆ ಸೇರಿದ್ದೆಂದು ಆಕಸ್ಮಿಕಕ್ಕಿಂತ ಹೆಚ್ಚು ಸಲ ಸರಿಯಾಗಿ ಸೂಚಿಸುತ್ತಿತ್ತು. ‘ಹೆಸರು ಬರುತ್ತಿಲ್ಲ, ಆದರೆ ಅದೊಂದು ಪ್ರಾಣಿ’ ಎನ್ನುವ ರೋಗಿಯನ್ನು ಕಂಡವರಿಗೆ ಇದು ಪರಿಚಿತ ದೃಶ್ಯ.

1993ರಲ್ಲಿ ಡೇವಿಡ್ ಪ್ಲಾಟ್ ಮತ್ತು ಶಾಲಿಸ್ ಈ ಕೆಲಸವನ್ನು ವಿಸ್ತರಿಸಿದರು. ಇಂಥ ರೋಗಿಗಳಿಗೆ ಕುರ್ಚಿ, ಮರದಂಥ ಮೂರ್ತ ಪದಗಳಿಗಿಂತ ಸತ್ಯ, ನ್ಯಾಯದಂಥ ಅಮೂರ್ತ ಪದಗಳು ಹೆಚ್ಚು ಕಷ್ಟ. ಅಮೂರ್ತ ಪದಗಳಿಗೆ ಅರ್ಥದ ಲಕ್ಷಣಗಳು ಕಡಿಮೆ ಎಂದು ಜಾಲದಲ್ಲಿ ಅಳವಡಿಸಿದಾಗ ಅದೇ ಕಷ್ಟ ಅಲ್ಲಿಯೂ ಕಾಣಿಸಿತು. ಆದರೆ ಅರ್ಥವನ್ನು ತಿದ್ದುವ ಭಾಗಕ್ಕೇ ತೀವ್ರ ಹಾನಿ ಮಾಡಿದಾಗ ಲೆಕ್ಕ ತಲೆಕೆಳಗಾಯಿತು. ಆಗ ಅಮೂರ್ತ ಪದಗಳೇ ಮೇಲು. ಮೂರ್ತ ಪದಗಳಲ್ಲೇ ಹೆಚ್ಚು ತಪ್ಪುವ ಅಪರೂಪದ ರೋಗಿಯೊಬ್ಬರನ್ನು ಎಲಿಜಬೆತ್ ವಾರಿಂಗ್ಟನ್ 1981ರಲ್ಲೇ ವರದಿ ಮಾಡಿದ್ದರು. ಒಂದೇ ಜಾಲ ಎರಡು ವಿರುದ್ಧ ಬಗೆಯ ರೋಗಿಗಳಿಗೂ ವಿವರಣೆ ಒದಗಿಸಿತು.

ಅರ್ಥವೇ ಕರಗಿದಾಗ

ಓದಿನ ಆಚೆಗೂ ಈ ವಿಧಾನ ಹಬ್ಬಿತು. 1984ರಲ್ಲಿ ವಾರಿಂಗ್ಟನ್ ಮತ್ತು ಶಾಲಿಸ್, ಹರ್ಪಿಸ್ ವೈರಾಣುವಿನ ಮಿದುಳುಜ್ವರದಿಂದ ಚೇತರಿಸಿಕೊಂಡ ನಾಲ್ವರನ್ನು ಕುರಿತು ಬರೆದಿದ್ದರು. ಇವರಿಗೆ ನಿರ್ಜೀವ ವಸ್ತುಗಳು ಸಾಕಷ್ಟು ತಿಳಿಯುತ್ತಿದ್ದವು, ಪ್ರಾಣಿ ಮತ್ತು ಸಸ್ಯಗಳ ತಿಳಿವಳಿಕೆ ಮಾತ್ರ ತೀವ್ರವಾಗಿ ಕೆಟ್ಟಿತ್ತು. ಹಾಗಾದರೆ ಮಿದುಳಿನಲ್ಲಿ ಜೀವಿಗಳಿಗೆಂದೇ ಪ್ರತ್ಯೇಕ ಕೋಣೆ ಇದೆಯೇ? 1991ರಲ್ಲಿ ಮಾರ್ತಾ ಫರಾ ಮತ್ತು ಜೇಮ್ಸ್ ಮ್ಯಾಕ್‌ಕ್ಲೆಲ್ಯಾಂಡ್ ಬೇರೆ ದಾರಿ ತೋರಿದರು. ಅವರ ಜಾಲದಲ್ಲಿ ಜೀವಿ, ನಿರ್ಜೀವಿ ಎಂಬ ವಿಭಾಗ ಇರಲಿಲ್ಲ. ರೂಪದ ತಿಳಿವಳಿಕೆ ಮತ್ತು ಉಪಯೋಗದ ತಿಳಿವಳಿಕೆ ಎಂಬ ಎರಡು ಭಾಗಗಳಿದ್ದವು. ಹುಲಿ-ಚಿರತೆಗಳನ್ನು ನಾವು ಬೇರ್ಪಡಿಸುವುದು ಮುಖ್ಯವಾಗಿ ರೂಪದಿಂದ. ಸುತ್ತಿಗೆ-ಗರಗಸಗಳನ್ನು ಅರಿಯುವಲ್ಲಿ ಉಪಯೋಗಕ್ಕೂ ದೊಡ್ಡ ಪಾಲಿದೆ. ರೂಪದ ಭಾಗಕ್ಕೆ ಹಾನಿ ಮಾಡಿದೊಡನೆ ಜೀವಿಗಳ ಜ್ಞಾನ ಕುಸಿಯಿತು. ಕೋಣೆ ಇಲ್ಲದೆಯೇ ಕೋಣೆ ಮುಚ್ಚಿದಂತೆ ಕಾಣುವ ಪರಿಣಾಮ ಉಂಟಾಯಿತು.

ಇದಕ್ಕಿಂತ ಮನ ಕಲಕುವುದು ‘ಸೆಮ್ಯಾಂಟಿಕ್ ಡಿಮೆನ್ಷಿಯಾ’ ಎಂಬ ಕಾಯಿಲೆ. ಕಪೋಲದ ಬದಿಯ ಮಿದುಳಿನ ಮುಂತುದಿ ನಿಧಾನವಾಗಿ ಸವೆಯುತ್ತಾ ಪದ ಮತ್ತು ವಸ್ತುಗಳ ಅರ್ಥವೇ ಕರಗುತ್ತದೆ. ಕರಗುವುದಕ್ಕೂ ಒಂದು ಕ್ರಮವಿದೆ. ಮೊದಲು ನಿರ್ದಿಷ್ಟ ಹಕ್ಕಿಯ ಹೆಸರು ಹೋಗುತ್ತದೆ, ಬರೀ ‘ಹಕ್ಕಿ’ ಉಳಿಯುತ್ತದೆ. ನಂತರ ಅದೂ ಹೋಗಿ ‘ಪ್ರಾಣಿ’ ಎಂಬುದಷ್ಟೇ ಉಳಿಯುತ್ತದೆ. ನೆನಪಿನಿಂದ ಚಿತ್ರ ಬರೆಯಲು ಹೇಳಿದರೆ ಬಾತುಕೋಳಿಗೆ ನಾಲ್ಕು ಕಾಲು ಬರೆದವರುಂಟು. ಪ್ರಾಣಿಯೆಂದರೆ ನಾಲ್ಕು ಕಾಲು ಎಂಬ ಸಾಮಾನ್ಯ ತಿಳಿವಳಿಕೆ ಉಳಿದು, ಬಾತುಕೋಳಿಯ ವೈಶಿಷ್ಟ್ಯ ಅಳಿದಿದೆ.

ಡೇವಿಡ್ ರೂಮಲ್‌ಹಾರ್ಟ್ ರೂಪಿಸಿದ ಜಾಲವೊಂದು ಇದಕ್ಕೆ ಹೊಂದುತ್ತದೆ. ಕೆಲವು ಹಕ್ಕಿ, ಮೀನು, ಮರ, ಹೂಗಳ ಗುಣಗಳನ್ನು ಕಲಿಯುವ ಆ ಜಾಲ ಮೊದಲು ಪ್ರಾಣಿ-ಸಸ್ಯ ಎಂಬ ದೊಡ್ಡ ಭೇದ ಕಲಿಯುತ್ತದೆ, ಆಮೇಲೆ ಹಕ್ಕಿ-ಮೀನಿನ ಭೇದ, ಕೊನೆಗೆ ಒಂದೊಂದು ಹಕ್ಕಿಯ ವೈಶಿಷ್ಟ್ಯ. ಹಾನಿಯಾದಾಗ ಕೊನೆಗೆ ಕಲಿತದ್ದು ಮೊದಲು ಹೋಗುತ್ತದೆ. ತಿಮೋತಿ ರೋಜರ್ಸ್, ಮ್ಯಾಕ್‌ಕ್ಲೆಲ್ಯಾಂಡ್ ಮತ್ತು ಸಹೋದ್ಯೋಗಿಗಳು 2004ರಲ್ಲಿ ಈ ದಾರಿಯಲ್ಲೇ ಕಾಯಿಲೆಯ ವಿವರಗಳನ್ನು ಮಾದರಿಯಲ್ಲಿ ತೋರಿಸಿದರು. ವಿಧಿಯ ವಿಡಂಬನೆ ಎಂದರೆ, ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿದ್ದ ರೂಮಲ್‌ಹಾರ್ಟ್ ಅವರನ್ನೇ ಪಿಕ್ಸ್ ಕಾಯಿಲೆ ಆವರಿಸಿತು. ಸೆಮ್ಯಾಂಟಿಕ್ ಡಿಮೆನ್ಷಿಯಾಕ್ಕೆ ಹತ್ತಿರದ ಬಳಗಕ್ಕೆ ಸೇರಿದ ಮಿದುಳು ಸವೆತದ ರೋಗವದು. 1998ರಲ್ಲಿ ಅವರು ನಿವೃತ್ತರಾದರು, 2011ರಲ್ಲಿ ನಿಧನರಾದರು. ಅರ್ಥ ಹೇಗೆ ಕಟ್ಟಿಕೊಳ್ಳುತ್ತದೆ ಎಂದು ತೋರಿಸಿಕೊಟ್ಟವರ ಪಾಲಿಗೂ ಆ ಜ್ಞಾನ ಔಷಧವಾಗಿ ಒದಗಲಿಲ್ಲ.

ಚಿಕಿತ್ಸೆಗೆ ಲಾಭವೇನು?

ಹಾಗಿದ್ದರೆ ಇವೆಲ್ಲ ಪಂಡಿತರ ಆಟವೇ? ಅಲ್ಲ ಎನ್ನಲು ಒಂದು ಉತ್ತಮ ನಿದರ್ಶನವಿದೆ. ಹಾನಿಗೊಂಡ ಜಾಲಕ್ಕೆ ಮತ್ತೆ ಪಾಠ ಹೇಳಿದರೆ ಏನಾಗುತ್ತದೆ ಎಂದು ಪ್ಲಾಟ್ 1996ರಲ್ಲಿ ಪರೀಕ್ಷಿಸಿದರು. ಒಂದು ಗುಂಪಿನ ಸಾಮಾನ್ಯ ಸದಸ್ಯರನ್ನು ಕಲಿಸುವುದೇ ಸುಲಭ, ಅಲ್ಲಿಂದಲೇ ಆರಂಭಿಸಬೇಕು ಎಂಬುದು ಲೋಕಾರೂಢಿ. ಹಕ್ಕಿಗಳಲ್ಲಿ ಗುಬ್ಬಿ ಸಾಮಾನ್ಯ, ಪೆಂಗ್ವಿನ್ ಅಸಾಮಾನ್ಯ. ಆದರೆ ಜಾಲ ಹೇಳಿದ್ದು ಇದಕ್ಕೆ ವಿರುದ್ಧ. ಅಸಾಮಾನ್ಯ ಸದಸ್ಯರನ್ನು ಕಲಿಸಿದರೆ ಕಲಿಸದೇ ಇದ್ದ ಸಾಮಾನ್ಯ ಸದಸ್ಯರೂ ಸುಧಾರಿಸುತ್ತಾರೆ. ಸಾಮಾನ್ಯರನ್ನು ಕಲಿಸಿದರೆ ಲಾಭ ಅಲ್ಲಿಗೇ ನಿಲ್ಲುತ್ತದೆ. ಅಸಾಮಾನ್ಯ ಉದಾಹರಣೆಗಳು ಗುಂಪಿನ ಇಡೀ ಹರಹನ್ನು ತೋರಿಸುತ್ತವೆ ಎಂಬುದು ಇದಕ್ಕೆ ಕಾರಣ.

2003ರಲ್ಲಿ ಸ್ವಾತಿ ಕಿರಣ್ ಮತ್ತು ಸಿಂಥಿಯಾ ಥಾಮ್ಸನ್ ಇದನ್ನು ಅಫೇಸಿಯಾ, ಅಂದರೆ ಮಿದುಳಿನ ಹಾನಿಯಿಂದ ಭಾಷೆ ಕಳೆದುಕೊಂಡ ನಾಲ್ವರ ಮೇಲೆ ಪರೀಕ್ಷಿಸಿದರು. ಹಕ್ಕಿ ಮತ್ತು ತರಕಾರಿಗಳ ಹೆಸರು ಹೇಳುವ ಅಭ್ಯಾಸದಲ್ಲಿ ಜಾಲ ಸೂಚಿಸಿದ್ದೇ ಒಟ್ಟಾರೆಯಾಗಿ ಕಂಡುಬಂತು. ರೋಗಿಗಳ ಸಂಖ್ಯೆ ಸಣ್ಣದು, ಮುಂದಿನ ಅಧ್ಯಯನಗಳಲ್ಲಿ ಎಲ್ಲ ರೋಗಿಗಳಿಗೂ ಒಂದೇ ಫಲ ಬರಲಿಲ್ಲ. ಆದರೂ ಇದರ ಮಹತ್ವ ಕಡಿಮೆಯಲ್ಲ. ವಾರಕ್ಕೊಮ್ಮೆ ದೂರದ ಊರಿನಿಂದ ಬಸ್ ಹತ್ತಿ ಬರುವ ರೋಗಿಗೆ ಚಿಕಿತ್ಸಕರು ಕೊಡಬಹುದಾದ ಸಮಯ ಸ್ವಲ್ಪವೇ. ಆ ಸಮಯದಲ್ಲಿ ಯಾವ ಹತ್ತು ಪದಗಳನ್ನು ಕಲಿಸಿದರೆ ಇನ್ನೂ ಇಪ್ಪತ್ತು ಪದ ತಾವಾಗಿ ಮರಳುತ್ತವೆ ಎಂಬುದು ಅಲ್ಲಿ ಅತಿ ವ್ಯಾವಹಾರಿಕ ಪ್ರಶ್ನೆ.

ಎರಡು ಭಾಷೆ ಬಲ್ಲವರ ವಿಷಯ ಇನ್ನಷ್ಟು ಜಟಿಲ. ಯಾವ ಭಾಷೆಯಲ್ಲಿ ಚಿಕಿತ್ಸೆ ಕೊಟ್ಟರೆ ಎರಡೂ ಭಾಷೆಗೆ ಲಾಭ? ಬಾಸ್ಟನ್ ವಿಶ್ವವಿದ್ಯಾಲಯದ ಸ್ವಾತಿ ಕಿರಣ್, ಟೆಕ್ಸಾಸ್‌ನ ರಿಸ್ಟೊ ಮಿಕ್ಕುಲೈನೆನ್ ಮತ್ತು ಸಂಗಡಿಗರು ರೂಪಿಸಿದ ‘ಬೈಲೆಕ್ಸ್’ ಎಂಬ ಮಾದರಿ ಈ ಪ್ರಶ್ನೆಯನ್ನು ಎತ್ತಿಕೊಂಡಿದೆ. ಅರ್ಥಕ್ಕೆ ಒಂದು ನಕ್ಷೆ, ಎರಡು ಭಾಷೆಗಳ ಧ್ವನಿಗೆ ಎರಡು ನಕ್ಷೆ. ರೋಗಿ ಯಾವ ವಯಸ್ಸಿನಲ್ಲಿ ಯಾವ ಭಾಷೆ ಕಲಿತರು, ಎಷ್ಟು ಬಳಸಿದರು ಎಂಬ ವಿವರದಂತೆ ಮೊದಲು ಜಾಲವನ್ನು ಬೆಳೆಸುತ್ತಾರೆ. ನಂತರ ಆ ರೋಗಿಯಷ್ಟೇ ತಪ್ಪುವವರೆಗೆ ಅದನ್ನು ಕೆಡಿಸುತ್ತಾರೆ. ಕೊನೆಗೆ ಒಂದು ಭಾಷೆಯಲ್ಲಿ ಪಾಠ ಹೇಳಿ ಫಲ ನೋಡುತ್ತಾರೆ. 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅದಾಗಲೇ ಚಿಕಿತ್ಸೆ ಪಡೆದಿದ್ದ 13 ಸ್ಪ್ಯಾನಿಷ್-ಇಂಗ್ಲಿಷ್ ದ್ವಿಭಾಷಿ ರೋಗಿಗಳನ್ನು ಹೀಗೆ ಮಾದರಿಯಾಗಿಸಲಾಯಿತು. ಚಿಕಿತ್ಸೆ ನಡೆದ ಭಾಷೆಯಲ್ಲಿನ ಸುಧಾರಣೆಯನ್ನು ಮಾದರಿ ನಿಖರವಾಗಿ ಸೂಚಿಸಿತು. ಇನ್ನೊಂದು ಭಾಷೆಗೆ ಲಾಭ ದಾಟುವ ಬೇರೆಬೇರೆ ಪ್ರಮಾಣಗಳನ್ನೂ ಅದು ಬಿಂಬಿಸಿತು. ಪ್ರತಿ ರೋಗಿಗೂ ಒಂದೊಂದು ಪ್ರತಿರೂಪ ಜಾಲ ಎಂಬ ಈ ಕಲ್ಪನೆ ಕಾಗದದಿಂದ ಆಸ್ಪತ್ರೆಯ ಕಡೆ ಹೆಜ್ಜೆ ಇಟ್ಟಿರುವುದು ಇಲ್ಲಿಯೇ.

ಆಕ್ಷೇಪಗಳೂ ಉಂಟು

ಈ ಉತ್ಸಾಹಕ್ಕೆ ಲಗಾಮು ಹಾಕುವವರಿದ್ದಾರೆ, ಅವರ ಮಾತಿನಲ್ಲಿ ಹುರುಳೂ ಇದೆ. ಮೈಕೆಲ್ ಮೆಕ್‌ಕ್ಲಾಸ್ಕಿ 1991ರಲ್ಲೇ ಒಂದು ಮೂಲಭೂತ ಪ್ರಶ್ನೆ ಎತ್ತಿದರು. ರೋಗಿಯಂತೆ ತಪ್ಪುವ ಜಾಲವನ್ನು ಕಟ್ಟಿದ ಮಾತ್ರಕ್ಕೆ ರೋಗವನ್ನು ವಿವರಿಸಿದಂತಾಯಿತೇ? ಜಾಲ ಏಕೆ ಹಾಗೆ ವರ್ತಿಸಿತು ಎಂಬುದನ್ನು ಬಿಡಿಸಿ ಹೇಳದಿದ್ದರೆ, ಅರ್ಥವಾಗದ ಒಂದು ವಸ್ತುವಿನ ಪಕ್ಕ ಅರ್ಥವಾಗದ ಇನ್ನೊಂದನ್ನು ಇಟ್ಟಂತೆಯೇ ಸರಿ. ಜೀವಿ-ನಿರ್ಜೀವಿ ವಿಷಯದಲ್ಲೂ ಒಮ್ಮತವಿಲ್ಲ. ಅಲ್ಫೊನ್ಸೊ ಕರಮಾಜ್ಜಾ ಮತ್ತು ಜೆನಿಫರ್ ಶೆಲ್ಟನ್ 1998ರಲ್ಲಿ, ಪ್ರಾಣಿ-ಸಸ್ಯಗಳ ತಿಳಿವಳಿಕೆಗೆ ವಿಕಾಸದ ಹಾದಿಯಲ್ಲೇ ಪ್ರತ್ಯೇಕ ವ್ಯವಸ್ಥೆ ರೂಪುಗೊಂಡಿದೆ ಎಂದು ವಾದಿಸಿದರು.

ಮತ್ತೂ ಕೆಲವು ತೊಡಕುಗಳಿವೆ. ಜಾಲದಲ್ಲಿ ಹಾನಿಯನ್ನು ಸಾಮಾನ್ಯವಾಗಿ ಅಲ್ಲಲ್ಲಿ ಚದುರಿಸಿ ಮಾಡುತ್ತಾರೆ. ಪಾರ್ಶ್ವವಾಯುವಿನ ಹಾನಿ ರಕ್ತನಾಳದ ಹಾದಿಯನ್ನು ಹಿಡಿದಿರುತ್ತದೆ. ತಪ್ಪಿನ ಲೆಕ್ಕವನ್ನು ಹಿಂದಕ್ಕೆ ಕಳಿಸಿ ಸಂಪರ್ಕಗಳನ್ನು ತಿದ್ದುವ ಕಲಿಕೆಯ ವಿಧಾನ ಮಿದುಳಿನಲ್ಲಿ ಅದೇ ರೂಪದಲ್ಲಿ ನಡೆಯುತ್ತದೆ ಎಂದು ಹೇಳುವವರು ವಿರಳ. ಇತ್ತೀಚಿನ ವರ್ಷಗಳಲ್ಲಿ ದೊಡ್ಡ ಭಾಷಾ ಮಾದರಿಗಳ ಆಯ್ದ ಘಟಕಗಳನ್ನು ನಿಷ್ಕ್ರಿಯಗೊಳಿಸಿ ಅವುಗಳ ಮಾತು ಹೇಗೆ ಕೆಡುತ್ತದೆ ಎಂದು ನೋಡುವ ಪ್ರಯೋಗಗಳು ಆರಂಭವಾಗಿವೆ. ಆದರೆ ಜಾಲ ದೊಡ್ಡದಾದಷ್ಟೂ ಮೆಕ್‌ಕ್ಲಾಸ್ಕಿಯವರ ಪ್ರಶ್ನೆ ಇನ್ನಷ್ಟು ಹರಿತವಾಗುತ್ತದೆ. ನಲವತ್ತು ಪದಗಳ ಜಾಲವನ್ನು ಬಿಚ್ಚಿ ನೋಡಬಹುದಿತ್ತು. ಶತಕೋಟಿಗಟ್ಟಲೆ ಸಂಪರ್ಕಗಳ ಜಾಲವನ್ನು ಬಿಚ್ಚುವವರಾರು?

ಕನ್ನಡದ ರೋಗಿಗೆ ಇದರಲ್ಲೇನಿದೆ?

ಈ ಹಿನ್ನೆಲೆಯಲ್ಲಿ ನಮ್ಮ ರಾಜ್ಯಕ್ಕೆ ಸಂಬಂಧಿಸಿದ ಪ್ರಶ್ನೆಯೊಂದು ಏಳುತ್ತದೆ. ಇಲ್ಲಿ ಹೇಳಿದ ಮಾದರಿಗಳು ಬಹುಪಾಲು ಇಂಗ್ಲಿಷ್ ಪದಗಳ ಮೇಲೆ ಕಟ್ಟಿದವು. ಇಂಗ್ಲಿಷ್‌ನಲ್ಲಿ ಬರೆದಂತೆ ಓದುವುದಿಲ್ಲ. ಕನ್ನಡದಲ್ಲಿ ಬಹುಮಟ್ಟಿಗೆ ಬರೆದಂತೆಯೇ ಓದುತ್ತೇವೆ. ಅಕ್ಷರ, ಗುಣಿತ, ಒತ್ತುಗಳು ಕೂಡಿದ ನಮ್ಮ ಲಿಪಿ ರೋಮನ್ ವರ್ಣಮಾಲೆಯಂಥದಲ್ಲ. ವರ್ಣಮಾಲೆಯ ಭಾಷೆಗಳಲ್ಲಿ ಗುರುತಿಸಿದ ಓದಿನ ದೋಷಗಳ ವರ್ಗೀಕರಣವನ್ನು ಇಲ್ಲಿಗೆ ಹಾಗೆಯೇ ತಂದು ಕೂರಿಸಲಾಗದು ಎಂಬುದನ್ನು ಕನ್ನಡದ ಓದಿನ ಬಗ್ಗೆ ದೀರ್ಘಕಾಲ ಕೆಲಸ ಮಾಡಿದ ಪ್ರತಿಭಾ ಕಾರಂತರ ಸಂಶೋಧನೆ ಮನಗಾಣಿಸಿದೆ. ವ್ಯಾಕರಣದ ಮಾತೂ ಅಷ್ಟೇ. ಇಂಗ್ಲಿಷ್ ಕ್ರಿಯಾಪದದ ಪ್ರತ್ಯಯ ಬಿದ್ದುಹೋದರೂ ಉಳಿಯುವುದು ಒಂದು ಪೂರ್ಣ ಪದ. ‘ಬರುತ್ತಾನೆ’ ಎಂಬುದರಿಂದ ಕಾಲ, ಲಿಂಗ, ವಚನದ ಗುರುತು ಕಳಚಿದರೆ ಉಳಿಯುವುದು ಬರೀ ಧಾತು. ಕನ್ನಡದ ರೋಗಿ ಬೇರೆ ರೀತಿಯಲ್ಲಿ ತಪ್ಪಲೇಬೇಕಾಗುತ್ತದೆ.

ಬಹುಭಾಷಿಕತೆಯ ವಿಷಯಕ್ಕೆ ಬಂದರೆ ನಮ್ಮ ನೆಲ ಇನ್ನೂ ಸಮೃದ್ಧ. ಮನೆಯಲ್ಲಿ ತುಳುವೋ ಕೊಂಕಣಿಯೋ ಉರ್ದುವೋ, ಶಾಲೆಯಲ್ಲಿ ಕನ್ನಡ, ಕಚೇರಿಯಲ್ಲಿ ಇಂಗ್ಲಿಷ್ ಎಂಬ ಬದುಕು ಇಲ್ಲಿ ವಿಶೇಷವೇನಲ್ಲ. ಈಗ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿರುವ ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನಲ್ಲಿ ನಡೆಸಿದ ಅಧ್ಯಯನಗಳು ಜಗತ್ತಿನ ಗಮನ ಸೆಳೆದಿವೆ. 2013ರ ಅಧ್ಯಯನದಲ್ಲಿ 648 ಮಂದಿ ಡಿಮೆನ್ಷಿಯಾ ರೋಗಿಗಳ ಪೈಕಿ ದ್ವಿಭಾಷಿಗಳಿಗೆ ಕಾಯಿಲೆ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. 2016ರಲ್ಲಿ 608 ಮಂದಿ ಪಾರ್ಶ್ವವಾಯು ರೋಗಿಗಳನ್ನು ಪರಿಶೀಲಿಸಿದಾಗ, ದ್ವಿಭಾಷಿಗಳಲ್ಲಿ ಶೇ 40.5 ಮಂದಿಯ ಅರಿವಿನ ಶಕ್ತಿ ಸಹಜವಾಗಿ ಉಳಿದಿತ್ತು. ಏಕಭಾಷಿಗಳಲ್ಲಿ ಈ ಪ್ರಮಾಣ ಶೇ 19.6 ಮಾತ್ರ. ಭಾಷೆಗಳು ಮಿದುಳಿಗೆ ಒದಗಿಸುವ ಈ ಕಾವಲು ಯಾವ ಬಗೆಯದು? ಇದನ್ನು ಜಾಲದಲ್ಲಿ ಕಟ್ಟಿ, ಕೆಡಿಸಿ, ಮತ್ತೆ ಕಟ್ಟಿ ನೋಡಲು ನಮ್ಮ ಊರುಗಳಿಗಿಂತ ಯೋಗ್ಯ ಕ್ಷೇತ್ರ ಎಲ್ಲಿದೆ?

ಸಾಧನ ಸಂಪತ್ತು ಇಲ್ಲದಿಲ್ಲ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಅಫೇಸಿಯಾ ರೋಗಿಗಳ ಪರೀಕ್ಷೆ ಮತ್ತು ಚಿಕಿತ್ಸೆಯ ದಶಕಗಳ ಅನುಭವವಿದೆ. ನಿಮ್ಹಾನ್ಸ್ ಇದೆ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಮಿದುಳು ಸಂಶೋಧನಾ ಕೇಂದ್ರ ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗರ ಮುಪ್ಪನ್ನು ದೀರ್ಘಾವಧಿಗೆ ಅಧ್ಯಯನ ಮಾಡುತ್ತಿದೆ. ಜಾಲ ಕಟ್ಟಬಲ್ಲ ಎಂಜಿನಿಯರುಗಳಿಗಂತೂ ಬೆಂಗಳೂರಿನಲ್ಲಿ ಕೊರತೆಯಿಲ್ಲ. ಈ ನಾಲ್ಕೂ ಕಡೆಯವರು ಒಂದೇ ಮೇಜಿನ ಸುತ್ತ ಕುಳಿತರೆ ರೋಗಿಗಳ ಖಾಸಗಿತನಕ್ಕೆ ಧಕ್ಕೆಯಾಗದಂತೆ, ಅವರ ಒಪ್ಪಿಗೆಯೊಡನೆ, ಕನ್ನಡದ ತಪ್ಪುಗಳ ಒಂದು ವ್ಯವಸ್ಥಿತ ದಾಖಲೆ ಸಿದ್ಧವಾದೀತು. ಜಾಲ ಕಟ್ಟುವುದು ಅದರ ನಂತರದ ಮಾತು. ಆಧಾರವಿಲ್ಲದ ಜಾಲ ಯಾವ ಭಾಷೆಯದಾದರೂ ದಾರಿ ತಪ್ಪಿಸುತ್ತದೆ.

ಎಚ್ಚರಿಕೆಯ ಮಾತೂ ಅಗತ್ಯ. ಕೃತಕ ಬುದ್ಧಿಮತ್ತೆಯ ಹೆಸರಿನಲ್ಲಿ ಎಲ್ಲವನ್ನೂ ಮಾರುವ ಕಾಲವಿದು. ಹದಿಮೂರು ಮಂದಿಯ ಮೇಲೆ ಹೊಂದಿಕೆಯಾದ ಮಾದರಿಯನ್ನು ಹದಿಮೂರು ಲಕ್ಷ ಮಂದಿಗೆ ಚೀಟಿ ಬರೆಯಲು ಬಳಸಲಾಗದು. ಯಂತ್ರ ಬಂದಿತೆಂದು ವಾಕ್ ಚಿಕಿತ್ಸಕರ ಹುದ್ದೆ ತುಂಬದೆ ಬಿಡುವುದಕ್ಕೂ ಇದು ನೆಪವಾಗಬಾರದು. ಕೈಯಲ್ಲಿರುವ ಅಲ್ಪ ಸಮಯವನ್ನು ಎಲ್ಲಿ ವಿನಿಯೋಗಿಸಬೇಕು ಎಂದು ಚಿಕಿತ್ಸಕರಿಗೆ ಹೇಳಬಲ್ಲ ಸಲಹೆಗಾರನಾಗಿ ಮಾದರಿ ಇರಲಿ, ಅವರ ಜಾಗಕ್ಕೆ ಬಾರದಿರಲಿ.

ಈ ಮೂರು ದಶಕಗಳ ಕೆಲಸ ಮನೆಯವರಿಗೂ ಒಂದು ತಿಳಿವಳಿಕೆಯನ್ನು ಈಗಾಗಲೇ ಕೊಟ್ಟಿದೆ. ಅದಕ್ಕೆ ಕಂಪ್ಯೂಟರ್ ಬೇಕಿಲ್ಲ. ಚಮಚವನ್ನು ಲೋಟ ಎಂದ ಹಿರಿಯರಿಗೆ ಬುದ್ಧಿ ಭ್ರಮಣೆಯಾಗಿದೆ ಎಂದು ಕೈ ಚೆಲ್ಲಬೇಕಿಲ್ಲ. ಅವರು ಸರಿಯಾದ ಅರ್ಥದ ಹತ್ತಿರದವರೆಗೂ ಬಂದು, ಪಕ್ಕದ ತಗ್ಗಿಗೆ ಜಾರಿದ್ದಾರೆ. ಆ ತಪ್ಪಿನಲ್ಲೇ ಇನ್ನೂ ಉಳಿದಿರುವ ಜ್ಞಾನದ ಗುರುತಿದೆ. ಅದನ್ನು ಗುರುತಿಸಿ, ಅಲ್ಲಿಂದಲೇ ಮಾತು ಮುಂದುವರಿಸುವ ತಾಳ್ಮೆ ಮನೆಯಲ್ಲಿ ಮೊದಲಾಗಬೇಕು.